ಅಪ್ಪನ ಕ್ಯಾಸೆಟ್ಟಲ್ಲಿರೋ "ಹಾವಿದೆ" ಹಾಡು ಯಾವ ಸೀರಿಯಲ್ದು? ಹಳೇ ದೂರದರ್ಶನ ನೋಡಿದೋರು ಹೇಳಿ

ತಿಪಟೂರ್_ಕೊಬ್ರಿ:
ಎಲ್ರಿಗೂ ನಮಸ್ಕಾರ. ಹೋದ ತಿಂಗಳು ಊರಿನ ಮನೆ ಖಾಲಿ ಮಾಡೋವಾಗ ಅಟ್ಟದಿಂದ ಅಪ್ಪನ ಟ್ರಂಕ್ ಇಳಿಸಿದ್ವಿ, ಅದ್ರಲ್ಲಿ ಎಲ್‌ಐಸಿ ರಸೀದಿ, ಮುರಿದ ಕನ್ನಡಕ, ಎಚ್‌ಎಂಟಿ ವಾಚಿನ ಡಬ್ಬಿ ಜೊತೆ ಒಂದು ಕ್ಯಾಸೆಟ್ಟೂ ಇತ್ತು. ಮೇಲೆ ಅಪ್ಪನ ಅಕ್ಷರದಲ್ಲಿ "ಟಿ.ವಿ. ಅಳಿಸಕೂಡದು" ಅಂತ ಬರ್ದಿದೆ, ಕೆಳಗೆ ಎರಡು ಗೆರೆ ಬೇರೆ. ಪ್ಲೇಯರ್ ಇಲ್ದೆ ಒದ್ದಾಡಿ ಕೊನೆಗೆ ಪೇಟೆ ಬೀದಿ ರೇಡಿಯೋ ರಿಪೇರಿಯವ್ರ ಹತ್ರ ಹಾಕ್ಸಿ ಕೇಳಿದ್ವಿ. ನೋಡಿದ್ರೆ ಟೇಪ್ ರೆಕಾರ್ಡರ್ನ ಟಿವಿ ಮುಂದೆ ಸ್ಟೂಲ್ ಮೇಲಿಟ್ಟು ಸೀರಿಯಲ್‌ಗಳ ಟೈಟಲ್ ಮ್ಯೂಸಿಕ್ ಮಾತ್ರ ಹಿಡ್ದಿದಾರೆ, ಕಥೆ ಶುರುವಾದ ತಕ್ಷಣ ಟಕ್ ಅಂತ ಬಟನ್ ಒತ್ತಿರೋ ಸದ್ದು.

ಮೊದಲನೇದು ಮಾಲ್ಗುಡಿ ಡೇಸ್, ಅದನ್ನ ಕಣ್ಣು ಮುಚ್ಕೊಂಡು ಹೇಳ್ಬೋದು. ಎರಡನೇದು ರಾಮಾಯಣ, ನಡುವೆ ಅಮ್ಮ "ಹಾಲು ಉಕ್ತಿದೆ ಯಾರಾದ್ರೂ ನೋಡ್ರೋ" ಅಂತಿದಾರೆ. ಮೂರನೇದು ಮಹಾಭಾರತ, ಶಂಖ ಊದಿದ್ದು ಕೇಳಿ ರಿಪೇರಿಯವ್ರು ಕೂಡ ನಕ್ರು. ನಾಲ್ಕನೇದು ಯಾವ್ದು ಅಂತ ಗೊತ್ತಾಗ್ತಿಲ್ಲ. ಗಂಡಸ್ರು ಹೆಂಗಸ್ರು ಎಲ್ಲಾ ಸೇರಿ ಮಂತ್ರದ ಥರ ಹಾಡ್ತಾರೆ, ಆದ್ರೆ ಚರ್ಚ್‌ನಲ್ಲಿ ಹಾಡೋ ಥರನೂ ಇದೆ. ಒಂದು ಸಾಲು ಪದೇ ಪದೇ ಬರತ್ತೆ, ನಂಗೆ ಚಿಕ್ಕಂದಿಂದ ಅದು "ಹಾವಿದೆ ಕರಿ" ಅಂತ್ಲೇ ಕೇಳ್ಸೋದು. ಅಣ್ಣ "ಕರಿ ಹಾವಿನ ಹಾಡು ಬಂತು" ಅಂತ ಹೆದರಿಸ್ತಿದ್ದ, ನಾನು ಕುರ್ಚಿ ಮೇಲೆ ಕಾಲು ಎತ್ಕೊಂಡು ಕೂರ್ತಿದ್ದೆ. ಟೇಪು ಎಳ್ದು ಎಳ್ದು ಹೋಗಿರೋದ್ರಿಂದ ಉಳಿದ ಪದ ಗೊತ್ತಾಗಲ್ಲ. ಯಾರಿಗಾದ್ರೂ ಹೊಳೆದ್ರೆ ಹೇಳಿ ಪ್ಲೀಸ್, ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು, ಕೇಳೋಕೆ ಇನ್ಯಾರೂ ಇಲ್ಲ.

ಹಳೇ_ಆಂಟೆನಾ:
ನಿಮ್ಮ ನಾಲ್ಕನೇದು ನಂಗೂ ಗೊತ್ತಾಗ್ಲಿಲ್ಲ, ಆದ್ರೆ ಮೊದಲನೇದರ ಬಗ್ಗೆ ಬರೀದೆ ಇರೋಕೆ ಆಗಲ್ಲ ಮಾರಾಯ್ರೆ, ಯಾಕಂದ್ರೆ ನಮ್ದು ತೀರ್ಥಹಳ್ಳಿ ಕಡೆ. ಶಂಕರ್ ನಾಗ್ ಆಗುಂಬೆಯಲ್ಲಿ ಶೂಟಿಂಗ್ ಮಾಡ್ತಿದ್ದಾಗ ನಮ್ಮ ಚಿಕ್ಕಪ್ಪ ಅಡಿಕೆ ಕೊಯ್ಲು ಬಿಟ್ಟು ನೋಡೋಕೆ ಹೋಗಿ ಅಜ್ಜನ ಹತ್ರ ಬೈಸ್ಕೊಂಡಿದ್ರಂತೆ. ಬೀದಿಗೆ ಬೀದಿನೇ ಮಾಲ್ಗುಡಿ ಮಾಡಿದ್ರು, ಅಂಗಡಿ ಬೋರ್ಡು ಬದಲಾಯ್ಸಿದ್ರು ಅಂತ ಇವತ್ತಿಗೂ ಹೇಳ್ತಾರೆ. ದೊಡ್ಡಮನೆ ಜಗುಲಿ ನೋಡಿದ್ರೆ ಈಗ್ಲೂ ಸ್ವಾಮಿ ಚೀಲ ಹಾಕ್ಕೊಂಡು ಹೊರಗೆ ಬರ್ತಾನೆ ಅನ್ಸತ್ತೆ. ತಮಾಷೆ ಏನಪ್ಪಾ ಅಂದ್ರೆ 1986ರಲ್ಲಿ ಅದು ಬಂದಾಗ ನಮ್ಮೂರಲ್ಲಿ ಟಿವಿನೇ ಇರ್ಲಿಲ್ಲ! ನಮ್ಮ ಕಡೆ ಶೂಟಿಂಗ್ ಆದ ಸೀರಿಯಲ್ನ ಇಡೀ ದೇಶ ನೋಡ್ತು, ನಾವು ನೋಡಿದ್ದು ಮೂರ್ನಾಲ್ಕು ವರ್ಷ ಆದ್ಮೇಲೆ ಮರುಪ್ರಸಾರದಲ್ಲಿ. ಅದೂ ಹೆಂಗೆ, ಒಬ್ಬ ಹೆಂಚಿನ ಮೇಲೆ ಆಂಟೆನಾ ಹಿಡ್ಕೊಂಡು "ಬಂತಾ" ಅನ್ನೋದು, ಒಳಗಿಂದ "ಇಲ್ಲ, ಗುಡ್ಡದ ಕಡೆ ತಿರುಗ್ಸು" ಅನ್ನೋದು. ಚಿತ್ರ ಬರ್ತಿರ್ಲಿಲ್ಲ, ಬರೀ ಮಳೆ, ಹೊರಗೂ ಮಳೆ ಟಿವಿಯಲ್ಲೂ ಮಳೆ. ಆದ್ರೆ ಆ ತಾನ ನಾನ ಮಾತ್ರ ಕೇಳ್ಸೋದು ಸ್ಪಷ್ಟವಾಗಿ. ನಾನು ಎಷ್ಟೋ ಕಂತು ನೋಡಿಲ್ಲ, ಕೇಳಿದೀನಿ ಅಷ್ಟೆ.

ಅರಸಾಳು ಸ್ಟೇಷನ್ನಿಗೆ ಹೋಗಿದೀರಾ ಯಾರಾದ್ರೂ? ಮಾಲ್ಗುಡಿ ಸ್ಟೇಷನ್ ಅಂತ ತೋರ್ಸಿದ್ದು ಅದೇ, ಈಗ ಮ್ಯೂಸಿಯಂ ಮಾಡಿದಾರೆ. ನಾನು ಹೋದಾಗ ಅಲ್ಲಿ ಬಂದೋರೆಲ್ಲ ಫೋಟೋ ತೆಗೆಸ್ಕೊಳ್ತಾ ಗುನುಗ್ತಿದ್ದಿದ್ದು ಅದೇ ಟ್ಯೂನು, ಯಾರೂ ಹೇಳ್ಕೊಟ್ಟಿರ್ಲಿಲ್ಲ.

ಗದಗಿನ_ಗಿರ್ಮಿಟ್:
ಅಕ್ಕಾರ, ನಾಲ್ಕನೇದೂ ಮಹಾಭಾರತದ್ದ ಇರಬೇಕ್ ನೋಡ್ರಿ, ಯುದ್ಧದ ಟೈಮಿನ್ಯಾಗ ಬ್ಯಾರೆ ಬ್ಯಾರೆ ಶ್ಲೋಕ ಹಾಕ್ತಿದ್ರು.

ನಮ್ಮ ಓಣ್ಯಾಗ ಒಂದ ಟಿವಿ ಇತ್ತು, ವಕೀಲರ ಮನ್ಯಾಗ. ಐತವಾರ ಮುಂಜಾನೆ ಶಂಖಾ ಊದಿದ್ದು ಕೇಳಿದ್ರ ಸಾಕು, ನಳದ ಮುಂದ ಪಾಳಿ ಹಚ್ಚಿದ ಕೊಡಾ ಅಲ್ಲೇ ಬಿಟ್ಟು ಹೆಣ್ಮಕ್ಕಳು ಓಡ್ತಿದ್ರು. ಮಹೇಂದ್ರ ಕಪೂರರು "ಅಥ ಶ್ರೀ ಮಹಾಭಾರತ ಕಥಾ" ಅನ್ನೂದ್ರಾಗ ಪಡಸಾಲಿ ತುಂಬಿ, ಕಿಟಕಿಗೆ ಹುಡುಗ್ರು ಜೋತು ಬಿದ್ದಿರ್ತಿದ್ರು. ನಮ್ಮ ಅಜ್ಜಗ ಹಿಂದಿ ಒಂದಕ್ಷರ ತಿಳೀತಿದ್ದಿಲ್ಲ, ಆದ್ರ ಕುಮಾರವ್ಯಾಸ ಪೂರಾ ಬಾಯಿಪಾಠ. ಟಿವ್ಯಾಗ ಭೀಷ್ಮ ಏನ ಮಾತಾಡಾಕತ್ತಾನ ಅನ್ನೂದನ್ನ ಅಜ್ಜ ಭಾಮಿನಿ ಷಟ್ಪದಿಯೊಳಗ ಹೇಳಾಂವ, ಮಂದಿ ಅದನ್ನ ಕೇಳ್ಕೋತ ಚಿತ್ರಾ ನೋಡ್ತಿತ್ತು. ಹಿಂದಿ ಮಾಸ್ತರರು ಒಬ್ಬರು "ಅಲ್ರೀ ಅಜ್ಜಾರ, ಅಂವ ಹಂಗ ಅನ್ನಲಿಲ್ಲ" ಅಂದ್ರ ಅಜ್ಜ "ಅಂವ ಏನರ ಅನ್ಲಿ, ನಮ್ಮ ನಾರಣಪ್ಪ ಹೇಳಿದ್ದು ಹಿಂಗ" ಅಂತ ಬಾಯಿ ಮುಚ್ಚಸ್ತಿದ್ದ. ವೀರನಾರಾಯಣನ ಗುಡಿ ಊರಿನವ್ರು ನೋಡ್ರಿ ನಾವು, ಬಿಟ್ಟು ಕೊಡ್ತೀವೇನು.

ಆದ್ರ ಒಂದ್ ಮಜಾ ಕೇಳ್ರಿ. ದುರ್ಯೋಧನ ಬಿದ್ದ ಮುಂದಿನ ವಾರದಿಂದ ಅಜ್ಜ ಸುಮ್ಮನ ಕುಂತ. ಏನಾತಪಾ ಅಂದ್ರ, ಕುಮಾರವ್ಯಾಸ ಬರದದ್ದ ಹತ್ತ ಪರ್ವ, ಗದಾಪರ್ವದ ಮುಂದ ಇಲ್ಲ. ಆಮ್ಯಾಲಿನ ಕಂತುಗಳನ್ನ ಅಜ್ಜ ಎಲ್ಲಾರ್ಹಂಗ ಬಾಯಿ ತಗದು ನೋಡಿದ, ನಡುನಡುವ "ಈಗ ಏನಂದಾ?" ಅಂತ ಅದ ಹಿಂದಿ ಮಾಸ್ತರರನ್ನ ಕೇಳ್ಕೋತ.

ಕುಡ್ಲದ_ಬೊಂಡ:
ಅಜ್ಜನ ಕತೆ ಭಾರೀ ಲಾಯ್ಕುಂಟು ಮಾರ್ರೆ. ಆದ್ರೆ ಎಲ್ಲರೂ ಹಿಂದಿಯದ್ದೇ ಹೇಳುವುದು ಯಾಕೆ? ನಮ್ಮ ಊರಿನವರಿಗೆ ಟೈಟಲ್ ಹಾಡು ಅಂದ್ರೆ ಗುಡ್ಡದ ಭೂತವೇ. ಸದಾನಂದ ಸುವರ್ಣರದ್ದು, ತೊಂಬತ್ತರ ಆಸುಪಾಸಿನಲ್ಲಿ ಬಂದದ್ದು, ಪ್ರಕಾಶ್ ರೈ ಎಳೆ ಹುಡುಗ ಅದರಲ್ಲಿ. "ಡೆನ್ನಾನ ಡೆನ್ನಾನ" ಅಂತ ಶುರುವಾದರೆ ನಾವು ಮಕ್ಕಳೆಲ್ಲ ಅಮ್ಮನ ಸೆರಗಿನ ಹಿಂದೆ. ಸೀರಿಯಲ್ ಮುಗಿದ ಮೇಲೆ ಬಚ್ಚಲಿಗೆ ಒಬ್ಬರೇ ಹೋಗಲಿಕ್ಕೆ ಧೈರ್ಯ ಇಲ್ಲ, ಬಚ್ಚಲು ಮನೆಯಿಂದ ಹೊರಗೆ ಅಲ್ವಾ ಆಗ, ಅಡಿಕೆ ತೋಟದ ಬದಿ. 2015ರಲ್ಲಿ ರಂಗಿತರಂಗದಲ್ಲಿ ಅದೇ ಡೆನ್ನಾನ ಪುನಃ ಬಂದಾಗ ಥಿಯೇಟರಿನಲ್ಲಿ ನನ್ನ ಹೆಂಡತಿ ಘಟ್ಟದವಳು, ಅವಳಿಗೆ ಒಂದು ಹಾಡು ಅಷ್ಟೇ, ನನಗೆ ಕೈ ರೋಮ ಎಲ್ಲ ಎದ್ದು ನಿಂತಿತು.

ನಿಮ್ಮದು ಹಾವು ಅಂದ್ರಲ್ಲ, ನಾಗಮಂಡಲದ ಏನಾದ್ರೂ ರೆಕಾರ್ಡ್ ಆಗಿದೆಯಾ ನೋಡಿ 😄

ತಿಪಟೂರ್_ಕೊಬ್ರಿ:
@ಕುಡ್ಲದ_ಬೊಂಡ ಅಯ್ಯೋ ನಾಗಮಂಡಲ ಅಲ್ಲ, ಹಿಂದಿ ಅನ್ನೋದು ಗ್ಯಾರಂಟಿ.
@ಗದಗಿನ_ಗಿರ್ಮಿಟ್ ಮಹಾಭಾರತದ್ದಲ್ಲ ಅನ್ಸತ್ತೆ, ಯೂಟ್ಯೂಬಲ್ಲಿ ಹುಡುಕ್ದೆ, ಆ ಗಂಟಲೇ ಬೇರೆ. ನಿಮ್ಮಜ್ಜನ ಕಥೆ ಅಮ್ಮಂಗೆ ಓದಿ ಹೇಳ್ದೆ, ಎರಡು ಸಲ ಓದ್ಸಿದ್ರು.

ದೇವರಾಜ_ಮಾರ್ಕೆಟ್:
ಟಿಪ್ಪು ಸುಲ್ತಾನ್ ಇರಬಹುದಾ? 1990ರಲ್ಲಿ ಬಂತು, ನೌಷಾದ್ ಸಂಗೀತ. ನಮ್ಮ ಮೈಸೂರಲ್ಲಿ ಅದರ ಹೆಸರು ಹೇಳಿದ್ರೆ ಮ್ಯೂಸಿಕ್ಕಿಗಿಂತ ಮೊದಲು ನೆನಪಾಗೋದು ಬೆಂಕಿ. 1989ರ ಫೆಬ್ರವರಿ 8, ಶೂಟಿಂಗ್ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಹೋದ್ರು, ಸಂಜಯ್ ಖಾನ್ ಕೂಡ ಮೈಯೆಲ್ಲ ಸುಟ್ಟು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ರು. ನಾನಾಗ ಏಳನೇ ಕ್ಲಾಸು. ಮಾರನೇ ದಿನ ಸ್ಕೂಲಲ್ಲಿ ಪ್ರೇಯರ್ ಆದ್ಮೇಲೆ ಹೆಡ್ ಮೇಷ್ಟ್ರು ಎರಡು ನಿಮಿಷ ಮೌನ ಅಂದ್ರು, ಹುಡುಗ್ರು ಪಿಸುಪಿಸು ಅಂತಿದ್ರು, ಆಮೇಲೆ ಮೇಷ್ಟ್ರೇ ಅತ್ತಿದ್ದು ನೋಡಿ ಎಲ್ರೂ ತಣ್ಣಗಾದ್ರು. ಮುಂದಿನ ವರ್ಷ ಸೀರಿಯಲ್ ಶುರುವಾದಾಗ ಬೇರೆ ಊರಿನೋರಿಗೆ ಅದು ಕತ್ತಿ ಕುದುರೆ ಫಿರಂಗಿ. ನಮ್ಮ ಬೀದಿಯಲ್ಲಿ ಟೈಟಲ್ ಬರ್ತಿದ್ದ ಹಾಗೇ ಒಂದು ಮನೆಯವ್ರು ಟಿವಿ ಆಫ್ ಮಾಡೋರು. ಅವ್ರು ಯಾಕೆ ಅಂತ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ.

ವಿಷಯ ಎಲ್ಲೋ ಹೋಯ್ತು, ಕ್ಷಮಿಸಿ.

ಸ್ಕಿಪ್_ಇಂಟ್ರೋ:
ನಾನು ಇಲ್ಲಿ ಎಲ್ರಿಗಿಂತ ಚಿಕ್ಕವನು ಅನ್ಸತ್ತೆ, ಬೈಬೇಡಿ. 2020 ಲಾಕ್‌ಡೌನಲ್ಲಿ ದೂರದರ್ಶನ ರಾಮಾಯಣ ಮಹಾಭಾರತ ಮತ್ತೆ ಹಾಕಿದಾಗ ಮನೇಲಿ ಎಲ್ರ ಜೊತೆ ಕೂತು ನೋಡಿದೆ. ನಿಜ ಹೇಳ್ಬೇಕಂದ್ರೆ ಬಾಣ ಆಕಾಶದಲ್ಲಿ ಬಂದು ಇನ್ನೊಂದು ಬಾಣಕ್ಕೆ ಡಿಕ್ಕಿ ಹೊಡಿಯೋಕೆ ಅರ್ಧ ಕಂತು, ಒಬ್ರು ಶಾಕ್ ಆದ್ರೆ ಆಸ್ಥಾನದಲ್ಲಿರೋ ಇಪ್ಪತ್ತು ಜನರ ಮುಖಾನೂ ತೋರ್ಸ್ಬೇಕು. ಟೈಟಲ್ ಸಾಂಗ್ ಅಂತೂ ಮುಗಿಯೋದೇ ಇಲ್ಲ. ಅಪ್ಪಂಗೆ ಕಣ್ಣಲ್ಲಿ ನೀರು, ನಾನು ಫೋನ್ ನೋಡ್ತಿದ್ದೆ. ನೀವು ಮಿಸ್ ಮಾಡ್ಕೊಳ್ತಿರೋದು ಆ ಮ್ಯೂಸಿಕ್ಕಾ ಇಲ್ಲ ಹತ್ತು ವರ್ಷದ ನಿಮ್ಮನ್ನಾ? ಅದೇ ಟ್ಯೂನ್ನ ಈಗ ಯಾರಾದ್ರೂ ಹೊಸ ವೆಬ್ ಸೀರೀಸಿಗೆ ಹಾಕಿದ್ರೆ ನೀವೇ ಸ್ಕಿಪ್ ಒತ್ತೀರ.

ಹಳೇ_ಆಂಟೆನಾ:
ಬೈಯಲ್ಲ ತಮ್ಮ, ಬಾಣದ ವಿಷಯ ನೂರಕ್ಕೆ ನೂರು ಸರಿ. ಆದ್ರೆ ಟೈಟಲ್ ಉದ್ದ ಯಾಕೆ ಅಂದ್ರೆ ಅದು ಟಿವಿ ಮುಂದೆ ಕೂತಿರೋನಿಗೆ ಹಾಕ್ತಿದ್ದಿದ್ದಲ್ಲ. ಹಿತ್ತಲಲ್ಲಿ ಪಾತ್ರೆ ತೊಳೀತಿರೋಳಿಗೆ, ಕೊಟ್ಟಿಗೇಲಿ ಹಾಲು ಕರೀತಿರೋನಿಗೆ, ಎದುರು ಮನೆಯೋರಿಗೆ. ಅವ್ರು ಕೈ ಒರೆಸ್ಕೊಂಡು ಬಂದು ಜಾಗ ಹಿಡ್ಕೊಂಡು ಕೂರೋಕೆ ಬೇಕಾದಷ್ಟು ಹೊತ್ತು ಅದು. ಈಗ ನೀನು ಒಬ್ನೇ ಕಿವಿಗೆ ಇಯರ್‌ಫೋನ್ ಸಿಗ್ಸ್ಕೊಂಡು ಮಲಗಿರ್ತೀಯ, ನಿನ್ನ ಎಲ್ಲಿಂದ ಕರೀಬೇಕು? ಅದಕ್ಕೇ ನಿಂಗೆ ಸ್ಕಿಪ್ ಬಟನ್.

ಸ್ಕಿಪ್_ಇಂಟ್ರೋ:
ಓಕೆ ಇದು ಹೊಳೆದಿರ್ಲಿಲ್ಲ. ಆದ್ರೂ ಒಂದು ಇಪ್ಪತ್ತು ಸೆಕೆಂಡ್ ಕಮ್ಮಿ ಮಾಡ್ಬೋದಿತ್ತು.

ಮಿರ್ಜಾ_ಮಲ್ಲಿಗೆ:
ನಾಸ್ಟಾಲ್ಜಿಯಾ ಅಂತ ಎಲ್ಲಾನೂ ಒಂದೇ ಬುಟ್ಟಿಗೆ ಹಾಕ್ಬೇಡಿ. ರಾಮಾಯಣ ಮಹಾಭಾರತದ ಸೆಟ್ಟು ಥಳಕು ಒಪ್ತೀನಿ. 1988ರ ಮಿರ್ಜಾ ಗಾಲಿಬ್ ಈಗ ಹಾಕಿ ನೋಡಿ, ಗುಲ್ಜಾರ್ ಧ್ವನಿ, ಜಗಜೀತ್ ಸಿಂಗ್ ಹಾಡು, ನಸೀರುದ್ದೀನ್ ಶಾ ನಡೆಯೋ ರೀತಿ, ಒಂದೂ ಹಳೇದಾಗಿಲ್ಲ. ನಾನು ಉರ್ದು ಕಲಿತಿದ್ದೇ ಆ ಕ್ಯಾಸೆಟ್ಟಿಂದ, ಚಿಕ್ಕಮಗಳೂರಲ್ಲಿ ಕೂತ್ಕೊಂಡು. ಅದೇ ವರ್ಷ ತಮಸ್ ಕೂಡ ಬಂತು, ಶುರುವಿನಲ್ಲಿ "ಹಾಯ್ ರಬ್ಬಾ" ಅಂತ ಒಂದು ಕೂಗು ಬರತ್ತಲ್ಲ, ಅದಕ್ಕೆ ಟೈಟಲ್ ಮ್ಯೂಸಿಕ್ ಅನ್ನೋಕೂ ಬಾಯಿ ಬರಲ್ಲ. ನಮ್ಮಮ್ಮ ಆ ಕೂಗು ಕೇಳಿ ಊಟದ ತಟ್ಟೆ ಎತ್ಕೊಂಡು ಅಡುಗೆಮನೆಗೆ ಹೋಗೋರು. ದೇಶ ವಿಭಜನೆ ಬಗ್ಗೆ ಸ್ಕೂಲಲ್ಲಿ ಅರ್ಧ ಪುಟ ಓದಿದ್ವಿ, ಅರ್ಥ ಆಗಿದ್ದು ಆ ಒಂದು ಕೂಗಿಂದ.

ತಂಬೂರಿ_ತಂತಿ:
ತಡವಾಗಿ ಬಂದೆ. ಪಾಠ ಹೇಳ್ಕೊಡೋ ಸಂಗೀತದ ಮೇಷ್ಟ್ರು ನಾನು, ಸ್ವಲ್ಪ ಉದ್ದ ಆಗತ್ತೆ ಸಹಿಸ್ಕೊಳ್ಳಿ.

ಮೊದಲು ಮಾಲ್ಗುಡಿ. ಆ ಟ್ಯೂನ್ ಮಾಡಿದ್ದು ಎಲ್. ವೈದ್ಯನಾಥನ್, ಪಿಟೀಲಿನ ಎಲ್. ಸುಬ್ರಮಣ್ಯಂ ಮತ್ತೆ ಎಲ್. ಶಂಕರ್ ಅವರ ಅಣ್ಣ. ಕನ್ನಡದೋರಿಗೆ ಅವ್ರು ಹೊಸಬರಲ್ಲ, "ಸವಿ ನೆನಪುಗಳು ಬೇಕು" ಹಾಡು ಇದ್ಯಲ್ಲ ಅಪರಿಚಿತ ಸಿನಿಮಾದ್ದು, ಅದೂ ಅವರದ್ದೇ. ಶಂಕರ್ ನಾಗ್ ಒಂದು ಮುತ್ತಿನ ಕಥೆಗೂ ಅವರನ್ನೇ ಕರೆದ್ರು. ಮಾಲ್ಗುಡಿ ಟೈಟಲ್ ಯಾಕೆ ಎಲ್ರ ಬಾಯಲ್ಲಿ ನಿಲ್ತು ಅಂದ್ರೆ ಅದಕ್ಕೆ ಸಾಹಿತ್ಯನೇ ಇಲ್ಲ. ಇಂಗ್ಲಿಷಲ್ಲಿ ಬರೆದ ಕಥೆ, ಕನ್ನಡ ನಾಡಲ್ಲಿ ಶೂಟಿಂಗು, ಟಿವಿಯಲ್ಲಿ ಹಿಂದಿ ಮಾತು, ಇದಕ್ಕೆ ಯಾವ ಭಾಷೆಯ ಹಾಡು ಬರೆಸ್ತೀರ? ತಾನ ನಾನ ಅಂದ್ರು, ಎಲ್ಲಾ ಊರಿನೋರೂ ತಮ್ಮದು ಅಂದ್ಕೊಂಡ್ರು. ಮೇಲೆ ಆರ್.ಕೆ. ಲಕ್ಷ್ಮಣ್ ಅವರ ಗೆರೆ ಚಿತ್ರ. ಆ ಗೆರೆಯಲ್ಲಿ ಎಷ್ಟು ಖಾಲಿ ಜಾಗ ಇದ್ಯೋ ಟ್ಯೂನಲ್ಲೂ ಅಷ್ಟೇ ಖಾಲಿ ಜಾಗ ಇದೆ, ಕೇಳಿ ನೋಡಿ. ಪಾಠಕ್ಕೆ ಬರೋ ಐದು ವರ್ಷದ ಮಕ್ಕಳು ಸರಳೆ ಹಾಡೋಕೆ ಅಳ್ತವೆ, ಇದನ್ನ ಒಂದು ಸಲ ಕೇಳಿದ್ರೆ ವಾಪಸ್ ಹಾಡ್ತವೆ.

ಈಗ ನಿಮ್ಮ ನಾಲ್ಕನೇದು. ಮಂತ್ರದ ಥರನೂ ಇದೆ ಚರ್ಚ್ ಥರನೂ ಇದೆ ಅಂದ್ರಲ್ಲ, ಅಲ್ಲೇ ನಂಗೆ ಅನುಮಾನ ಬಂತು. ಆಗಿನ ಕಾಲಕ್ಕೆ ವೇದ ತಗೊಂಡು ಪಾಶ್ಚಾತ್ಯ ಕಾಯರ್ ಥರ ಗುಂಪಲ್ಲಿ ಹಾಡಿಸೋ ಧೈರ್ಯ ಇದ್ದಿದ್ದು ವನರಾಜ್ ಭಾಟಿಯಾಗೆ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ, ಆಮೇಲೆ ಪ್ಯಾರಿಸ್ಸಲ್ಲಿ ಕಲಿತು ಬಂದೋರು. ಮೇಲೆ ಒಬ್ರು ತಮಸ್ ಅಂದ್ರಲ್ಲ, ಅದರ ಸಂಗೀತವೂ ಅವರದ್ದೇ. ಹಾಗಾಗಿ ನಿಮ್ದು ಶ್ಯಾಮ್ ಬೆನಗಲ್ ಅವರ ಭಾರತ್ ಏಕ್ ಖೋಜ್. 1988ರಲ್ಲಿ ಶುರುವಾಯ್ತು, ನೆಹರೂ ಪುಸ್ತಕದ ಮೇಲೆ 53 ಕಂತು, ರೋಷನ್ ಸೇಠ್ ನೆಹರೂ ಆಗಿ ಬಂದು ಕಥೆ ಹೇಳೋರು.

ಇನ್ನು ಹಾವು. ಅದರ ಶುರುವಿನ ಹಾಡು ಋಗ್ವೇದದ ನಾಸದೀಯ ಸೂಕ್ತ, ಸೃಷ್ಟಿಗೆ ಮೊದಲು ಏನೂ ಇರ್ಲಿಲ್ಲ ಅನ್ನೋದು, ಹಿಂದಿಗೆ ತಂದದ್ದು ವಸಂತ ದೇವ್. ಅದರಲ್ಲಿ ಹಾವಿಲ್ಲ. ಆದ್ರೆ ಕೊನೇಲಿ ಹೆಸರುಗಳು ಬರೋವಾಗ ಇನ್ನೊಂದು ಹಾಡಿತ್ತು, ಹಿರಣ್ಯಗರ್ಭ ಸೂಕ್ತ. ಮೂಲದಲ್ಲಿ "ಕಸ್ಮೈ ದೇವಾಯ ಹವಿಷಾ ವಿಧೇಮ" ಅಂತ ಪಲ್ಲವಿ ಥರ ಬರತ್ತಲ್ಲ, ಯಾವ ದೇವರಿಗೆ ಹವಿಸ್ಸು ಕೊಟ್ಟು ಪೂಜೆ ಮಾಡೋಣ ಅಂತ. ಹಿಂದೀಲಿ ಅದು "ಹವಿ ದೇಕರ್" ಆಗಿದೆ.

ಹವಿ ದೇಕರ್. ಹಾವಿದೆ ಕರಿ.

ಒಂದು ಪರೀಕ್ಷೆ ಮಾಡಿ. ಉಳಿದ ಮೂರರಲ್ಲಿ ಹಾಡು ಮುಗಿದ ತಕ್ಷಣ ಬಟನ್ ಸದ್ದು ಬರತ್ತೆ ಅಂದ್ರಿ. ಇದರಲ್ಲಿ ಹಾಡು ಆದ್ಮೇಲೆ ಸ್ವಲ್ಪ ಹೊತ್ತು ಟೇಪು ಓಡತ್ತಾ, ಮುಂದಿನ ಕಾರ್ಯಕ್ರಮ ಹೇಳೋ ಹೆಂಗಸಿನ ದನಿ ಬರತ್ತಾ? ಬಂದ್ರೆ ಅದು ಕೊನೇ ಹಾಡೇ.

ಗದಗಿನ_ಗಿರ್ಮಿಟ್:
ಏ ಸಾಷ್ಟಾಂಗ ನಮಸ್ಕಾರ್ರೀ ಸರ 🙏 ಹಾವ ಹಿಡದ್ರಿ ನೀವು

ಕುಡ್ಲದ_ಬೊಂಡ:
ಹಿಂದಿ ಹಾಡು ತಪ್ಪು ಕೇಳಿದ್ದಕ್ಕೆ ಬೇರೆಯೇ ಥ್ರೆಡ್ ಬೇಕು. ನಾನು ಹೈಸ್ಕೂಲಿನ ತನಕ ರಾಮಾಯಣದ ಹಾಡನ್ನು ನನ್ನದೇ ತುಳುವಿನಲ್ಲಿ ಹಾಡುತ್ತಿದ್ದೆ, ಅದನ್ನು ಇಲ್ಲಿ ಬರೆದರೆ ಅಡ್ಮಿನ್ ಓಡಿಸ್ತಾರೆ.

ದೇವರಾಜ_ಮಾರ್ಕೆಟ್:
ಭಾರತ್ ಏಕ್ ಖೋಜಲ್ಲೂ ಟಿಪ್ಪು ಕಂತು ಇತ್ತು, ಸಲೀಂ ಘೌಸ್ ಮಾಡಿದ್ರು. ರಾಮ, ಕೃಷ್ಣನೂ ಅವ್ರೇ. ಇದ್ದ ನಾಲ್ಕೈದು ನಟರಿಗೇ ಗಡ್ಡ ಅಂಟಿಸಿ ಬಿಚ್ಚಿ ಐದು ಸಾವಿರ ವರ್ಷ ತೋರಿಸಿಬಿಟ್ರು ಪುಣ್ಯಾತ್ಮರು.

ತಿಪಟೂರ್_ಕೊಬ್ರಿ:
ಸರ್!!! ಅದೇ!!! ಯೂಟ್ಯೂಬಲ್ಲಿ ಹಾಕ್ದೆ, ಮೊದಲನೇ ಸಾಲಿಗೇ ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತ್ರು. ಏನೂ ಹೇಳ್ಲಿಲ್ಲ, ಕೈಯಲ್ಲಿ ಸೌಟು ಹಾಗೇ ಇತ್ತು.

ನೀವು ಹೇಳಿದ ಹಾಗೇ ಇದೆ, ಹಾಡು ಮುಗಿದ ಮೇಲೆ ಬಟನ್ ಸದ್ದಿಲ್ಲ. ಕುರ್ಚಿ ಎಳೆಯೋ ಸದ್ದು, ಹೆಂಗಸಿನ ದನಿಯಲ್ಲಿ ಏನೋ ಹಿಂದಿ, ಆಮೇಲೆ ಅಪ್ಪ "ಮುಗೀತು ಕಣೇ, ಕುಕ್ಕರ್ ಇಡು" ಅಂತಾರೆ. ನಾವು ಮೊದಲ ಸಲ ಕೇಳಿದಾಗ ಅಲ್ಲಿವರೆಗೂ ಓಡ್ಸಿರ್ಲಿಲ್ಲ, ಹಾಡು ಮುಗೀತು ಅಂತ ನಿಲ್ಲಿಸ್ಬಿಟ್ಟಿದ್ವಿ. ನೀವು ಕೇಳ್ದೇ ಇದ್ದಿದ್ರೆ ಅದು ಸಿಗ್ತಾನೇ ಇರ್ಲಿಲ್ಲ. ಆ ನಾಲ್ಕು ಪದಾನ ನಿನ್ನೆಯಿಂದ ಎಷ್ಟು ಸಲ ಹಾಕಿದೀನೋ ಲೆಕ್ಕ ಇಲ್ಲ, ಅಮ್ಮ "ಸಾಕು ಬಿಡೇ" ಅಂತಾರೆ, ಆಮೇಲೆ ಅವ್ರೇ "ಇನ್ನೊಂದ್ಸಲ ಹಾಕು" ಅಂತಾರೆ.

ಅಣ್ಣಂಗೆ ಫೋನ್ ಮಾಡಿ ಹವಿ ದೇಕರ್ ಅಂತೆ ಕಣೋ, ಋಗ್ವೇದ ಅಂತೆ ಅಂದೆ. "ಇರ್ಬೋದು, ಆದ್ರೆ ಹಾವಿತ್ತು" ಅಂದ.

ಮಿರ್ಜಾ_ಮಲ್ಲಿಗೆ:
ಮೊದಲು ಆ ಕ್ಯಾಸೆಟ್ಟಿನ ಮೂಲೇಲಿರೋ ಎರಡು ಪ್ಲಾಸ್ಟಿಕ್ ಕಿವಿ ಮುರಿದು ಹಾಕಿ, ಯಾರಾದ್ರೂ ತಪ್ಪಿ ರೆಕಾರ್ಡ್ ಒತ್ತಿದ್ರೂ ಅಳಿಸಿ ಹೋಗಲ್ಲ. ಆಮೇಲೆ ಎರಡು ಮೂರು ಕಡೆ ಕಾಪಿ ಮಾಡಿಡಿ.

ತಿಪಟೂರ್_ಕೊಬ್ರಿ:
ನೋಡ್ದೆ. ಎರಡೂ ಕಿವಿ ಆಗ್ಲೇ ಮುರಿದಿವೆ, ಅಪ್ಪನೇ ಮುರಿದಿದಾರೆ.

ಗದಗಿನ_ಗಿರ್ಮಿಟ್:
ಅಕ್ಕಾರ, ಇನ್ನೊಂದ್ ಬಾಜೂ ಹಚ್ಚಿ ನೋಡಿದ್ರೇನು? ಅಲ್ಲಿ ಏನೈತಿ?

ತಿಪಟೂರ್_ಕೊಬ್ರಿ:
ಪೂರ್ತಿ ಕ್ರಿಕೆಟ್ ಕಾಮೆಂಟರಿ. ಅದು ಅಣ್ಣಂದು, ಅಪ್ಪಂಗೆ ಗೊತ್ತಾಗಿ ಬಿದ್ದ ಏಟೂ ಅದ್ರಲ್ಲೇ ರೆಕಾರ್ಡ್ ಆಗಿದೆ.